ಸ್ಕ್ರೂ ಜ್ಯಾಕಿನಿಂದ ಗೋಳಗುಮ್ಮಟದವರೆಗೆ

ಹೋದ ತಿಂಗಳು ಊರಿಗೆ, ಅಂದರೆ ಅರಕೇರಿಗೆ ಹೋಗಿದ್ದೆ. ಸಂಬಂಧಿಕರ ಹುಡುಗನೊಬ್ಬ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾನೆ. ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ತಿರುಗಿಸುತ್ತಿದ್ದ. ಬಗ್ಗಿ ನೋಡಿದರೆ... ಸ್ಕ್ರೂ ಜ್ಯಾಕು! ಬಾಟಲಿ ಆಕಾರದ ಬಾಡಿ, ಒಳಗೆ ನಟ್ಟು, ಚೌಕ ಥ್ರೆಡ್ಡಿನ ಸ್ಪಿಂಡಲ್, ಮೇಲೆ ಕಪ್ಪು, ಅಡ್ಡ ತೂರಿಸಿದ ಟಾಮಿ ಬಾರು. ನಾನು ಮಾಡಿದ್ದೂ ಇದನ್ನೇ. ನನಗಿಂತ ಮುಂಚಿನವರು ಕಾಗದದ ಮೇಲೆ ಗೀಚಿದ್ದೂ ಇದನ್ನೇ.

"ಇದನ್ನ ಯಾಕ ಮೊದಲ ಮಾಡಸ್ತಾರ ಗೊತ್ತೇನು?" ಅಂದೆ.

"ಎಕ್ಸಾಮಿಗೆ ಬರತೈತಿ ಅಂತ" ಅಂದ. ತಪ್ಪೇನೂ ಹೇಳಲಿಲ್ಲ ಬಿಡಿ.

ನಿಮ್ಮಲ್ಲಿ ವಿಟಿಯುನಲ್ಲಿ ಮೆಕ್ಯಾನಿಕಲ್ ಓದಿದವರು ಬಹಳ ಮಂದಿ ಇದ್ದೀರಿ, ನೆನಪಿರಬೇಕು. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾಗಿದ್ದು 1998ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದವು. ವಿಜಯಪುರದಲ್ಲಿ (ಆಗಿನ ಬಿಜಾಪುರ, ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ) ಬಿಎಲ್‌ಡಿಇ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು 1980ರಲ್ಲೇ ಆರಂಭವಾಗಿತ್ತು. ಅದಕ್ಕೆ ವಚನ ಪಿತಾಮಹ ಫ.ಗು. ಹಳಕಟ್ಟಿಯವರ ಹೆಸರಿದೆ. ಮನೆಮನೆ ತಿರುಗಿ ತಾಳೆಗರಿ ಕೂಡಿಸಿದ ಮನುಷ್ಯನ ಹೆಸರಿನ ಕಾಲೇಜಿನಲ್ಲಿ ಕ್ಯಾಡ್ ಲ್ಯಾಬು. ನನಗೇನೋ ಈ ಜೋಡಿ ಇಷ್ಟ.

ವಿಟಿಯು 2006ರ ಸ್ಕೀಮಿನಲ್ಲಿ 'ಕಂಪ್ಯೂಟರ್ ಏಡೆಡ್ ಮಷೀನ್ ಡ್ರಾಯಿಂಗ್' ಅಂತ ಒಂದು ವಿಷಯ ಇತ್ತು. ಅದರ ಕೊನೆಯ ಭಾಗದ ಪಟ್ಟಿ ಬಾಯಿಪಾಠ ಆಗಿಹೋಗಿದೆ: ಪ್ಲಮ್ಮರ್ ಬ್ಲಾಕು, ರ‍್ಯಾಮ್ಸ್‌ಬಾಟಮ್ ಸೇಫ್ಟಿ ವಾಲ್ವು, ಇಂಜಿನ್ನಿನ ಕನೆಕ್ಟಿಂಗ್ ರಾಡು, ಬಾಟಲಿ ಸ್ಕ್ರೂ ಜ್ಯಾಕು, ಲೇಥಿನ ಟೇಲ್‌ಸ್ಟಾಕು, ಮಷೀನ್ ವೈಸು, ಶೇಪರಿನ ಟೂಲ್ ಹೆಡ್ಡು. ಅದಕ್ಕೂ ಮೊದಲು ಜಾಯಿಂಟುಗಳು ಮತ್ತು ಕಪ್ಲಿಂಗುಗಳು: ಕಾಟರು, ನಕ್ಕಲ್ಲು, ಓಲ್ಡಹ್ಯಾಮು, ಹುಕ್ಕನ ಯೂನಿವರ್ಸಲ್. ಕರ್ನಾಟಕದ ಎಷ್ಟೋ ಸಾವಿರ ಹುಡುಗ ಹುಡುಗಿಯರು ಮೂರು ಆಯಾಮದಲ್ಲಿ ಮೊದಲು ಕಟ್ಟಿದ ವಸ್ತುಗಳು ಇವೇ.

ಈಗ ಈ ಪಟ್ಟಿಯ ವಯಸ್ಸು ನೋಡಿ. ರ‍್ಯಾಮ್ಸ್‌ಬಾಟಮ್ ಅನ್ನುವವರು ಇಂಗ್ಲೆಂಡಿನ ಕ್ರೂ ಊರಿನ ರೈಲ್ವೆ ಇಂಜಿನಿಯರು. 1855ರ ಹೊತ್ತಿಗೆ ಆ ವಾಲ್ವು ಮಾಡಿದರು. ಆಗ ಉಗಿಬಂಡಿಯ ಚಾಲಕರು ಹೆಚ್ಚು ಒತ್ತಡ ಸಿಗಲಿ ಅಂತ ಸೇಫ್ಟಿ ವಾಲ್ವನ್ನೇ ಬಿಗಿದು ಕಟ್ಟಿಬಿಡುತ್ತಿದ್ದರು, ಬಾಯ್ಲರು ಸಿಡಿಯುತ್ತಿತ್ತು. ಇವರು ಎರಡು ವಾಲ್ವಿಗೂ ಸೇರಿ ಒಂದೇ ಸನ್ನೆಗೋಲು, ಒಂದೇ ಸ್ಪ್ರಿಂಗು ಇಟ್ಟರು. ಒಂದನ್ನು ಒತ್ತಿ ಹಿಡಿದರೆ ಇನ್ನೊಂದು ಸಡಿಲ ಆಗುತ್ತದೆ. ಕಿತಾಪತಿಗೆ ಜಾಗವೇ ಇಲ್ಲ! ಜಾನ್ ಓಲ್ಡಹ್ಯಾಮ್ ಐರ್ಲೆಂಡಿನವರು, 1821ರಲ್ಲಿ ಪೆಡಲ್ ಹಡಗಿಗಾಗಿ ಆ ಕಪ್ಲಿಂಗು ಮಾಡಿದರು. ರಾಬರ್ಟ್ ಹುಕ್ ಅಂತೂ 1670ರ ದಶಕದವನು. ಅಂದರೆ ನಮ್ಮೂರ ಹುಡುಗ 21ನೇ ಶತಮಾನದ ಸಾಫ್ಟ್‌ವೇರಿನಲ್ಲಿ ಮಾಡುತ್ತಿರುವುದು ಉಗಿಯುಗದ ಸಾಮಾನು. ಈ ವಾಲ್ವಿನ ಹಿಂದಿರುವ ಕಥೆಯನ್ನು ನನಗೆ ಲ್ಯಾಬಿನಲ್ಲಿ ಯಾರೂ ಹೇಳಲಿಲ್ಲ. ಹೇಳಿದ್ದರೆ ಆ ಸನ್ನೆಗೋಲು ಯಾಕೆ ಹಾಗಿದೆ ಅಂತ ತಿಳಿದು ಮಾಡುತ್ತಿದ್ದೆ, ಅಳತೆ ಉರು ಹೊಡೆಯುತ್ತಿರಲಿಲ್ಲ.

ಜಗತ್ತಿನ ಮೊದಲ ಕಲಿಯುವವರು ಏನು ಮಾಡಿದ್ದರು ಅಂತ ಹುಡುಕಿದರೆ ಮಜಾ ಇದೆ. 1963ರಲ್ಲಿ ಎಂಐಟಿಯಲ್ಲಿ ಐವಾನ್ ಸದರ್ಲ್ಯಾಂಡ್ 'ಸ್ಕೆಚ್‌ಪ್ಯಾಡ್' ಬರೆದರು. ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆಯುವುದು, ಈ ಎರಡು ಗೆರೆ ಸಮಾಂತರವಾಗಿರಲಿ ಅಂತ ಆಜ್ಞೆ ಕೊಡುವುದು, ಎಲ್ಲ ಅಲ್ಲೇ ಇತ್ತು. ಅದು ಎರಡು ಆಯಾಮದ್ದು. ಅದೇ ವರ್ಷ ಅಲ್ಲಿನ ಇನ್ನೊಬ್ಬ ವಿದ್ಯಾರ್ಥಿ ಟಿಮತಿ ಜಾನ್ಸನ್ ಮೂರನೇ ಆಯಾಮ ಸೇರಿಸಿ 'ಸ್ಕೆಚ್‌ಪ್ಯಾಡ್ 3' ಮಾಡಿದರು. ಮುಂದೆ ಸದರ್ಲ್ಯಾಂಡ್ ಯೂಟಾ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಹೋದರು. 1972ರಲ್ಲಿ ಅವರ ವಿದ್ಯಾರ್ಥಿಗಳು ಕಲಿಯಲು ಆರಿಸಿಕೊಂಡದ್ದು ಮೇಷ್ಟ್ರ ಹೆಂಡತಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಕಾರಿನ ಮೈಮೇಲೆ ಗೆರೆ ಚುಕ್ಕಿ ಹಾಕಿ, ಅಳತೆಗೋಲು ಹಿಡಿದು ಒಂದೊಂದೇ ಬಿಂದು ಅಳೆದರಂತೆ. ಆ ತಾಯಿ ಏನಂದರೋ! ಅದೇ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಚಹಾ ಕೆಟಲನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡು ಬೆಜಿಯೆ ವಕ್ರರೇಖೆಗಳಲ್ಲಿ ಕಂಪ್ಯೂಟರಿಗೆ ಹಾಕಿದರು. ಆ 'ಯೂಟಾ ಟೀಪಾಟ್' ಇವತ್ತಿಗೂ ಗ್ರಾಫಿಕ್ಸಿನವರಿಗೆ ಗಣಪತಿ ಇದ್ದಹಾಗೆ, ಮೊದಲ ಪೂಜೆ ಅದಕ್ಕೇ. ಮೊದಲ ಮಾಡೆಲಿಗೆ ತಳವೇ ಇರಲಿಲ್ಲ ಅನ್ನುವುದು ಬೇರೆ ಮಾತು. ಅಂದರೆ ಅವರು ಕಣ್ಣೆದುರು ಇದ್ದದ್ದನ್ನು, ದಿನಾ ಕೈಯಲ್ಲಿ ಹಿಡಿಯುವುದನ್ನು ಆರಿಸಿಕೊಂಡರು.

ಆದರೆ ಇವೆಲ್ಲ ಬರೀ ಹೊರಮೈ. ಯಂತ್ರದವನಿಗೆ ಒಳಗೂ ಬೇಕು, ತೂಕ ಬೇಕು, ಕತ್ತರಿಸಿದರೆ ಸೆಕ್ಷನ್ ಕಾಣಬೇಕು. ಆ ದಾರಿಯಲ್ಲಿ ಕೆಲಸ ಮಾಡಿದವರು ಕೇಂಬ್ರಿಡ್ಜಿನ ಇಯಾನ್ ಬ್ರೇಡ್ ಮತ್ತು ಸಂಗಡಿಗರು, 1970ರ ದಶಕದಲ್ಲಿ. ಆ ಬಳಗದ ಕೆಲಸದಿಂದ ಮುಂದೆ ಬೆಳೆದದ್ದೇ ಪ್ಯಾರಾಸಾಲಿಡ್, ಸಾಲಿಡ್ ಎಡ್ಜಿನ ಹೊಟ್ಟೆಯೊಳಗೆ ಇರುವುದು ಅದು. 1980ರ ದಶಕದ ಕೊನೆಗೆ ಬಂದ ಪ್ರೋ-ಇಂಜಿನಿಯರ್, ಅಳತೆ ಬದಲಿಸಿದರೆ ಇಡೀ ಮಾಡೆಲ್ ತಾನಾಗಿ ಬದಲಾಗುವ ಪದ್ಧತಿಯನ್ನು ಮನೆಮಾತು ಮಾಡಿತು. 1995ರಲ್ಲಿ ಸಾಲಿಡ್‌ವರ್ಕ್ಸ್ ಸಾಮಾನ್ಯ ವಿಂಡೋಸ್ ಕಂಪ್ಯೂಟರಿಗೆ ಬಂತು (ಅದನ್ನು ಕಟ್ಟಿದ ಜಾನ್ ಹರ್ಷ್ಟಿಕ್, ಎಂಐಟಿಯ ಇಸ್ಪೀಟು ತಂಡದಲ್ಲಿ ಗೆದ್ದ ದುಡ್ಡನ್ನು ಬಂಡವಾಳ ಹಾಕಿದರಂತೆ. ಮನೆಯಲ್ಲಿ ಹೇಳಬೇಡಿ). 1996ರಲ್ಲಿ ಸಾಲಿಡ್ ಎಡ್ಜ್ ಬಂತು. ಅದು ಇಂಟರ್‌ಗ್ರಾಫಿನಿಂದ 1998ರಲ್ಲಿ ಯೂನಿಗ್ರಾಫಿಕ್ಸಿನವರಿಗೆ, 2007ರಲ್ಲಿ ಸೀಮೆನ್ಸಿಗೆ ಕೈ ಬದಲಾಯಿತು. ನಮ್ಮ ವಿಟಿಯು ಲ್ಯಾಬುಗಳಲ್ಲಿ ಅದೇ ಊರದೇವರು. ಬೆಂಗಳೂರಿನಲ್ಲಿ ಎಡಿಎ ಇಂಜಿನಿಯರುಗಳು ತೇಜಸ್ ವಿಮಾನಕ್ಕಾಗಿ (ಮೊದಲ ಹಾರಾಟ 2001ರ ಜನವರಿ 4) 'ಆಟೋಲೇ' ಅನ್ನುವ ತಮ್ಮದೇ ಸಾಫ್ಟ್‌ವೇರ್ ಬರೆದು, ಅದನ್ನು ಏರ್‌ಬಸ್ಸಿನವರು ಎ380ಗೆ ಕೊಂಡರು. ಅದೇ ರಾಜ್ಯದ ಈ ತುದಿಯಲ್ಲಿ ನಾವು ಥ್ರೆಡ್ಡು ಕೊರೆಯಲಾಗದೆ ಒದ್ದಾಡುತ್ತಿದ್ದೆವು.

ಥ್ರೆಡ್ಡಿನ ವಿಷಯ ಹೇಳಲೇಬೇಕು. ಸ್ಪಿಂಡಲ್ಲಿನ ಮೇಲೆ ನಿಜವಾದ ಚೌಕ ಥ್ರೆಡ್ಡು ಬೇಕೆಂದರೆ 'ಹೆಲಿಕಲ್ ಕಟೌಟ್' ಕೊಡಬೇಕು. ಕೊಟ್ಟ ತಕ್ಷಣ ನಮ್ಮ ಲ್ಯಾಬಿನ ಕಂಪ್ಯೂಟರು ಧ್ಯಾನಕ್ಕೆ ಕೂರುತ್ತಿತ್ತು. ಹೋಗಿ ಚಹಾ ಕುಡಿದು ಬಂದರೂ ಮರಳುಗಡಿಯಾರ ತಿರುಗುತ್ತಲೇ ಇರುತ್ತಿತ್ತು, ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಸೇವ್ ಮಾಡದವನ ಗೋಳು ಕೇಳುವವರಿಲ್ಲ. ಇನ್ನೊಂದು ಗುಂಡಿ: ನಮ್ಮ ದೇಶದಲ್ಲಿ ಫಸ್ಟ್ ಆಂಗಲ್ ಪದ್ಧತಿ, ಅಂದರೆ ಮೇಲಿನಿಂದ ಕಂಡದ್ದನ್ನು ಕೆಳಗೆ ಬರೆಯಬೇಕು. ಅಮೆರಿಕದ್ದು ಥರ್ಡ್ ಆಂಗಲ್. ಟೆಂಪ್ಲೇಟು ತಪ್ಪಾಗಿ ಆರಿಸಿದರೆ ಮಾಡೆಲ್ ಸರಿ ಇದ್ದೂ ಹಾಳೆಯ ಮೇಲೆ ಎಲ್ಲ ಅದಲುಬದಲು. ನನ್ನ ಮೊದಲ ಸ್ಕ್ರೂ ಜ್ಯಾಕಿಗೆ ಅರ್ಧ ಅಂಕ ಹೋಗಿದ್ದು ಇದರಿಂದ.

ಇನ್ನೂ ಹಿಂದಿನದು ಹೇಳುತ್ತೇನೆ. ಕನ್ನಡ ಮೀಡಿಯಂನಿಂದ ಹೋದವನು ನಾನು. ಮೊದಲ ವರ್ಷದ ಡ್ರಾಯಿಂಗಿನಲ್ಲಿ "ಎಚ್‌ಪಿಗೆ 30 ಡಿಗ್ರಿ, ವಿಪಿಗೆ 45 ಡಿಗ್ರಿ ವಾಲಿದ ರೇಖೆ" ಅಂದಾಗ ನನಗೆ ಏನೂ ಕಾಣುತ್ತಿರಲಿಲ್ಲ. ಇಂಗ್ಲಿಷು ಅರ್ಥವಾಗುವ ಹೊತ್ತಿಗೆ ರೇಖೆ ಎಲ್ಲಿದೆ ಅಂತ ಮರೆತುಹೋಗುತ್ತಿತ್ತು. ಮಿನಿ ಡ್ರಾಫ್ಟರು ಹೆಗಲಿಗೆ ಹಾಕಿಕೊಂಡು ತಿರುಗಿದ್ದಷ್ಟೇ ಬಂತು. ನಪಾಸಾದೆ. ಊರಿಗೆ ಬಂದರೆ, ನಮ್ಮ ಓಣಿಯ ಬಡಗಿ ಅಜ್ಜ ಗಾಡಿಯ ಗಾಲಿ ಮಾಡುತ್ತಿದ್ದರು. ನಡುವಿನ ಗುಂಬಕ್ಕೆ ಸುತ್ತಲೂ ತೂತು, ಪ್ರತಿ ತೂತಿಗೂ ಒಂದೊಂದು ಕಾಲು, ಎಲ್ಲವೂ ಒಂದೇ ಓರೆಯಲ್ಲಿ. ನಕ್ಷೆ ಇಲ್ಲ, ಕೋನಮಾಪಕ ಇಲ್ಲ. ಒಂದು ದಾರ, ಒಂದು ಸುಣ್ಣದ ಕಡ್ಡಿ. "ತಲ್ಯಾಗ ತಿರುಗಿಸಿ ನೋಡಬೇಕಪಾ" ಅಂದರು. ಅವರಿಗೆ ಕಾಣುತ್ತಿತ್ತು, ನನಗೆ ಕಾಣುತ್ತಿರಲಿಲ್ಲ. ನಾನು ಇಂಜಿನಿಯರಾಗುವವನು!

ಮುಂದೆ ಸಾಲಿಡ್ ಎಡ್ಜಿನಲ್ಲಿ ಒಂದು ಚೌಕ ಬರೆದು, ಅದನ್ನು ಎತ್ತಿ ಪೆಟ್ಟಿಗೆ ಮಾಡಿ, ಮೌಸಿನಿಂದ ತಿರುಗಿಸಿದ ದಿನ ನನಗೆ ಮೊದಲ ಬಾರಿಗೆ ಕಂಡಿತು. ಇಂಗ್ಲಿಷು ಬೇಕಾಗಲಿಲ್ಲ. ಈ ಸಾಫ್ಟ್‌ವೇರು ಹುಡುಗರ ಕಲ್ಪನಾಶಕ್ತಿ ಕೊಂದಿತು ಅನ್ನುವ ಹಿರಿಯರ ಮಾತು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಕೊಂದಿರಬಹುದು, ಅದು ಮೊದಲೇ ಇದ್ದವರಲ್ಲಿ. ನನ್ನಂಥವರಿಗೆ ಹುಟ್ಟಿಸಿತು. ಬೈಯಬೇಕಾದದ್ದು ಬೇರೆ: ಯಾವ ಬಟನ್ನಿನ ನಂತರ ಯಾವ ಬಟನ್ನು ಅಂತ ಉರು ಹೊಡೆಸುವ ಲ್ಯಾಬುಗಳನ್ನು.

ಲ್ಯಾಬಿನ ಪಟ್ಟಿ ಬಿಟ್ಟು ನಾನು ಸ್ವಂತಕ್ಕೆ ಮಾಡಿದ ಮೊದಲ ಮಾಡೆಲು ಗೋಳಗುಮ್ಮಟ. ಬಿಜಾಪುರ ಕಡೆಯವನು ಮತ್ತೇನು ಮಾಡಿಯಾನು? ಹೊರಗಿನಿಂದ ಸುಲಭ. ಒಂದು ಡಬ್ಬ, ನಾಲ್ಕು ಮೂಲೆಗೆ ಗೋಪುರ, ಮೇಲೆ ಅರ್ಧಗೋಳ. ಅರ್ಧ ಗಂಟೆಯ ಕೆಲಸ. ತೊಡಕು ಒಳಗೆ. ಒಳಕೋಣೆ 135 ಅಡಿ ಚೌಕ, 18,225 ಚದರಡಿ, ನಡುವೆ ಒಂದೂ ಕಂಬವಿಲ್ಲ. ಚೌಕದ ಮೇಲೆ ದುಂಡು ಕೂರುವುದು ಹೇಗೆ?

ಜೇಮ್ಸ್ ಫರ್ಗುಸನ್ 1876ರ ಪುಸ್ತಕದಲ್ಲಿ ಅಳತೆ ಕೊಟ್ಟಿದ್ದಾರೆ: 57 ಅಡಿ ಎತ್ತರದಿಂದ ಕೋಣೆ ಒಳಕ್ಕೆ ಬಾಗಲು ಶುರುವಾಗಿ 97 ಅಡಿ ವ್ಯಾಸದ ಬಾಯಿಗೆ ಬರುತ್ತದೆ, ಅದರ ಮೇಲೆ ಒಳವ್ಯಾಸ 124 ಅಡಿಯ ಗುಮ್ಮಟ. ಗೋಡೆಗೊಂದರಂತೆ ಎರಡೆರಡು, ಒಟ್ಟು ಎಂಟು ಬಿಂದು ಇಟ್ಟುಕೊಳ್ಳಿ. ಒಂದು ಬಿಟ್ಟು ಒಂದನ್ನು ಸೇರಿಸಿದರೆ ಒಂದು ಚೌಕ, ಉಳಿದವನ್ನು ಸೇರಿಸಿದರೆ ಅದಕ್ಕೆ 45 ಡಿಗ್ರಿ ತಿರುಗಿದ ಇನ್ನೊಂದು ಚೌಕ. ಎಂಟೂ ಬಾಹುಗಳ ಮೇಲೆ ಕಮಾನು ಎಬ್ಬಿಸಿ. ಒಂದನ್ನೊಂದು ಕತ್ತರಿಸುತ್ತ ಮೇಲೆ ಹೋಗಿ ನಡುವೆ ಎಂಟು ಮೂಲೆಯ ಬಾಯಿ ಬಿಡುತ್ತವೆ. ಬಿಂದುಗಳು ಸಮ ಅಷ್ಟಕೋನದಲ್ಲಿವೆ ಅಂದುಕೊಂಡರೆ ಚೌಕದ ಬಾಹು ಸುಮಾರು 103 ಅಡಿ ಬರುತ್ತದೆ, ಬಾಯೊಳಗೆ ಕೂರುವ ವೃತ್ತವೂ ಅಷ್ಟೇ. ಫರ್ಗುಸನ್ ಹೇಳಿದ್ದು 97. ನನ್ನ ಕಮಾನು ದಪ್ಪವಿಲ್ಲದ ಗೆರೆ, ಕಟ್ಟಿದ್ದು ಕಲ್ಲಿನದು. ಎರಡೂ ಕಡೆ ಮೂರು ಮೂರು ಅಡಿ ಒಳಕ್ಕೆ ಬಂದಿದೆ ಅಂದರೆ ಲೆಕ್ಕ ಕೂಡುತ್ತದೆ! ಇದು ಗೊತ್ತಾದಾಗ ರಾತ್ರಿ ಎರಡು ಗಂಟೆ. ಯಾರಿಗೆ ಹೇಳಲಿ?

ಇನ್ನೂ ಇದೆ. ಬಾಯಿ 97, ಗುಮ್ಮಟ 124. ಸುತ್ತಲೂ ಉಳಿಯುವ ಹದಿಮೂರೂವರೆ ಅಡಿ ಅಗಲದ ಕಟ್ಟೆಯೇ ನಾವೆಲ್ಲ ಚಿಕ್ಕವರಿದ್ದಾಗ ಕಿರುಚಿ ಬಂದ ಪಿಸುಗುಟ್ಟುವ ಮೊಗಸಾಲೆ. ಅದು ಹೊರಗೆ ಅಂಟಿಸಿದ ಬಾಲ್ಕನಿ ಅಲ್ಲ. ಗುಮ್ಮಟ ಹೊರಕ್ಕೆ ಒದೆಯುತ್ತದೆ, ಒಳಕ್ಕೆ ಜೋತುಬಿದ್ದ ಈ ಕಲ್ಲಿನ ಭಾರ ಅದನ್ನು ತಡೆಯುತ್ತದೆ ಅಂತ ಫರ್ಗುಸನ್ ವಾದ. 1656ರ ಸುಮಾರಿಗೆ, ಮಹಮ್ಮದ್ ಆದಿಲ್ ಶಾಹ ತೀರಿಕೊಂಡ ಹೊತ್ತಿಗೆ ಮುಗಿದ ಕಟ್ಟಡ ಅದು. ಕಟ್ಟಿದವನು ದಾಬುಲದ ಯಾಕೂತ್ ಅನ್ನುತ್ತಾರೆ.

ಇದನ್ನು ಮೊದಲು ಅಳೆದು ಬರೆದವರು ಯಾರು ಅಂತ ಹುಡುಕಿದೆ. ಹೆನ್ರಿ ಕಸೆನ್ಸ್ ಅವರ 1916ರ ಪುಸ್ತಕ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ, 1859ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ಕಟ್ಟಡಗಳ ದೊಡ್ಡ ನಕ್ಷೆ ಪುಸ್ತಕ ಅಚ್ಚಾಗಿದೆ. ಹೆಸರು ಬಾಂಬೆ ಇಂಜಿನಿಯರ್ಸಿನ ಕ್ಯಾಪ್ಟನ್ ಹಾರ್ಟ್ ಅವರದು. ಜೊತೆಗೆ ಕೆಲಸ ಮಾಡಿದವರು ಎ. ಕಮಿಂಗ್ ಮತ್ತು 'ನೇಟಿವ್ ಡ್ರಾಫ್ಟ್ಸ್‌ಮನ್'ಗಳು. ಅಷ್ಟೇ, ಹೆಸರಿಲ್ಲ. ಈ ಕಮಾನುಗಳ ಸೆಕ್ಷನ್ನನ್ನು ಹಾಳೆಯ ಮೇಲೆ ಇಳಿಸಲು ತಲೆಯಲ್ಲೇ ತಿರುಗಿಸಿ ನೋಡಿದವರು ಅವರು. ರ‍್ಯಾಮ್ಸ್‌ಬಾಟಮ್ ವಾಲ್ವಿಗೂ ಇದಕ್ಕೂ ಬರೀ ನಾಲ್ಕು ವರ್ಷದ ಅಂತರ. ಅವರ ಹೆಸರು ನಮ್ಮ ಸಿಲಬಸ್ಸಿನಲ್ಲಿದೆ, ಇವರದು ಅವರ ಪುಸ್ತಕದಲ್ಲೇ ಇಲ್ಲ.

ಹುಡುಗನಿಗೆ ಇದೆಲ್ಲ ಹೇಳಿದೆ. ಅರ್ಧ ಕೇಳಿದ, ಅರ್ಧ ಮೊಬೈಲು ನೋಡಿದ. ಮರುದಿನ ಬೆಳಗ್ಗೆ ಬೈಕಿನಲ್ಲಿ ಗೋಳಗುಮ್ಮಟಕ್ಕೆ ಹೋದೆವು. ನಡುವೆ ನಿಂತು ತಲೆ ಎತ್ತಿ ಎಂಟು ಬಿಂದು ಎಣಿಸಲು ಹೇಳಿದೆ. ಎಣಿಸಿದ. "ಮ್ಯಾಲಿನ ಕಮಾನು ಗ್ವಾಡಿಯಿಂದ ಗ್ವಾಡಿಗೆ ಹೊಂಟಾವು, ಮೂಲಿಗೆ ಮುಟ್ಟೇ ಇಲ್ಲ" ಅಂದ. ಅಷ್ಟು ಕಂಡರೆ ಸಾಕು ಅಂದೆ.

ಹೋದ ವಾರ ಫೈಲ್ ಕಳಿಸಿದ್ದಾನೆ. ಅಳತೆ ಬದಲಿಸಿದರೆ ಎಲ್ಲ ಕಮಾನೂ ಒಟ್ಟಿಗೆ ಬದಲಾಗುತ್ತವೆ, ನನ್ನದಕ್ಕಿಂತ ಚೆನ್ನಾಗಿದೆ. ಕಮಾನಿಗೆ ದಪ್ಪ ಕೊಟ್ಟು 97 ಬರುತ್ತದಾ ಅಂತ ನೋಡು ಅಂತ ಬರೆದಿದ್ದೇನೆ. ಇಂಟರ್ನಲ್ಸ್ ಮುಗಿದ ಮೇಲೆ ನೋಡುತ್ತಾನಂತೆ.