ಬಳೆ ಏರದ ಕೈ: ಕೂಡ್ಲಿಗಿ ಸೀಮೆಯ ಹೆಂಗಸರ ‘ವಾಯು’ ಮತ್ತು ಸ್ವಯಂನಿರೋಧಕ ಕಾಯಿಲೆಗಳು

ಹೂವಿನ ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅದರ ಮೊಗ್ಗು ಬಿಡಿಸುವುದು ಬಿಸಿಲೇರುವ ಮೊದಲು, ಹೆಬ್ಬೆರಳು ತೋರುಬೆರಳುಗಳ ತುದಿಯಿಂದ. ರುಮಟಾಯ್ಡ್ ಸಂಧಿವಾತ ಹಿಡಿದ ಹೆಂಗಸಿಗೆ ದಿನದಲ್ಲಿ ಅತಿ ಕಷ್ಟದ ಹೊತ್ತೂ ಅದೇ. ‘ಮುಂಜಾನಿ ಮುಷ್ಟಿ ಕಟ್ಟಾಕ ಬರಂಗಿಲ್ರಿ, ಹೊತ್ತೇರಿದ ಮ್ಯಾಲ ಸಡಿಲ ಆಕ್ಕಾವು’ ಎಂಬ ಮಾತಿನಲ್ಲೇ ರೋಗನಿದಾನದ ಅರ್ಧ ಭಾಗವಿದೆ. ಆದರೆ ಆ ಮಾತು ಮನೆಯಲ್ಲೂ ಊರಿನ ಚಿಕಿತ್ಸಾಲಯದಲ್ಲೂ ‘ವಾಯು’ ಎಂಬ ಒಂದೇ ಶಬ್ದವಾಗಿ ಮುಗಿದುಹೋಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹೆಂಗಸರ ಮಟ್ಟಿಗೆ ಈ ಒಂದೇ ಹೆಸರೇ ಕಾಯಿಲೆ ತಡವಾಗಿ ಪತ್ತೆಯಾಗಲು ದೊಡ್ಡ ಕಾರಣ ಎಂಬುದು ಈ ಲೇಖನದ ವಾದ.

ಹೊರಗಿನಿಂದ ಬರುವ ಸೋಂಕಿನೊಡನೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಅಂಗಾಂಶವನ್ನೇ ಶತ್ರುವೆಂದು ಹಿಡಿಯುವುದು ಸ್ವಯಂನಿರೋಧಕ ಕಾಯಿಲೆಗಳ ಮೂಲ. ಕೀಲಿನ ಒಳಪೊರೆಯ ಮೇಲೆ ಬಿದ್ದರೆ ಅದು ರುಮಟಾಯ್ಡ್ ಸಂಧಿವಾತ, ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದರೆ ಹಾಶಿಮೊಟೊ ಕಾಯಿಲೆ. ಚರ್ಮ, ಕೀಲು, ಮೂತ್ರಪಿಂಡಗಳನ್ನೆಲ್ಲ ಒಟ್ಟಿಗೆ ಹಿಡಿದರೆ ಲೂಪಸ್. ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ವರ್ಣಿಸಿದ ನಾಲ್ವರು ರೋಗಿಗಳೂ ಹೆಂಗಸರೇ. ಸಂಧಿವಾತದಲ್ಲಿ ಒಬ್ಬ ಗಂಡಸಿಗೆ ಸುಮಾರು ಮೂವರು ಹೆಂಗಸರು, ಲೂಪಸ್‌ನಲ್ಲಿ ಒಂಬತ್ತು ಮಂದಿ. ಹಾರ್ಮೋನುಗಳ ಪಾತ್ರ ಹಿಂದಿನಿಂದಲೂ ಗೊತ್ತಿತ್ತು. ಹೆಣ್ಣಿನ ಜೀವಕೋಶದ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದನ್ನು ಸುಮ್ಮನಿರಿಸುವ ಎಕ್ಸಿಸ್ಟ್ ಎಂಬ ಆರ್‌ಎನ್‌ಎ ಕೂಡ ಇದರಲ್ಲಿ ಪಾಲುದಾರ ಎಂದು ಸ್ಟ್ಯಾನ್‌ಫರ್ಡ್‌ನ ಹೋವರ್ಡ್ ಚಾಂಗ್ ತಂಡ 2024ರಲ್ಲಿ ತೋರಿಸಿತು: ಕಾಯಿಲೆಗೆ ಒಲವಿದ್ದ ತಳಿಯ ಗಂಡು ಇಲಿಗಳಲ್ಲಿ ಅದನ್ನು ಉತ್ಪತ್ತಿ ಮಾಡಿಸಿದಾಗ ಲೂಪಸ್‌ನಂಥ ಲಕ್ಷಣ ಹೆಚ್ಚಿತು. ಅಂದರೆ ಇದು ಹೆಂಗಸರು ‘ಮನಸ್ಸಿಗೆ ಹಚ್ಚಿಕೊಂಡು’ ತಂದುಕೊಂಡ ನೋವಲ್ಲ. ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಆ ಮಾತನ್ನು ಅವರು ದಿನವೂ ಕೇಳುತ್ತಾರೆ.

ಕಾಯಿಲೆ ಅಪರೂಪದ್ದೂ ಅಲ್ಲ. ದೆಹಲಿ ಬಳಿಯ ಬಲ್ಲಭಗಡದ ಹಳ್ಳಿಗಳಲ್ಲಿ ಎ.ಎನ್. ಮಾಳವೀಯ ಮತ್ತು ಸಂಗಡಿಗರು ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸಂಧಿವಾತದ ಪ್ರಮಾಣ ಶೇ 0.75; ಪುಣೆ ಜಿಲ್ಲೆಯ ಭಿಗವಣದಲ್ಲಿ ಅರವಿಂದ ಚೋಪ್ರಾ ತಂಡ ಕಂಡದ್ದು ಸುಮಾರು ಶೇ 0.5. ಸಾವಿರ ವಯಸ್ಕರಿರುವ ಊರಿಗೆ ಐದರಿಂದ ಏಳು ಮಂದಿ ಎಂದಾಯಿತು.

ಆ ಐದಾರು ಮಂದಿಯನ್ನು ನಮ್ಮ ಸೀಮೆಯಲ್ಲಿ ಗುರುತಿಸುವುದು ಬೇರೆಡೆಗಿಂತ ಕಷ್ಟ, ಏಕೆಂದರೆ ಇಲ್ಲಿ ಕೀಲು ನೋಯಲು ಬೇರೆ ಗಟ್ಟಿ ಕಾರಣಗಳಿವೆ. ಕೂಡ್ಲಿಗಿ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿರುವ ಊರುಗಳಿವೆ. ತುಂಗಭದ್ರಾ ಹಿನ್ನೀರನ್ನು ಪಾವಗಡ, ಮೊಳಕಾಲ್ಮೂರಿನ ಜೊತೆಗೆ ಕೂಡ್ಲಿಗಿಗೂ ತರುವ ಬಹುಗ್ರಾಮ ಯೋಜನೆ ಬಂದದ್ದು ಇಂಥ ನೀರಿನ ದೆಸೆಯಿಂದ. ಅತಿಯಾದ ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್ ಮುಖ್ಯವಾಗಿ ಬೆನ್ನು ಕತ್ತನ್ನು ಬಿಗಿಯುತ್ತದೆ. ಎಳವೆಯಿಂದ ಆ ನೀರು ಕುಡಿದವರ ಹಲ್ಲಿನಲ್ಲಿ ಕಂದು ಕಲೆ ಇರುತ್ತದೆ, ಎಕ್ಸ್‌ರೇಯಲ್ಲಿ ಮೂಳೆ ವಿಪರೀತ ದಟ್ಟವಾಗಿ ಕಾಣುತ್ತದೆ. ಎರಡನೆಯದು ಚಿಕುನ್‌ಗುನ್ಯಾ. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವು. ಆ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಬೆರಳು ಊದುವುದರಿಂದ ಸಂಧಿವಾತವೆಂದೇ ಭ್ರಮೆಯಾಗುತ್ತದೆ. ಆದರೆ ಅಲ್ಲಿ ಮೊದಲು ಜ್ವರ ಬಂದಿರುತ್ತದೆ, ಮನೆಯಲ್ಲಿ, ಓಣಿಯಲ್ಲಿ ಇನ್ನೂ ನಾಲ್ವರು ಮಲಗಿರುತ್ತಾರೆ. ಸಂಧಿವಾತ ಒಬ್ಬಳನ್ನೇ, ಸದ್ದಿಲ್ಲದೆ ಹಿಡಿಯುತ್ತದೆ.

ಹಾಗೆ ಹಿಡಿದಾಗ ಮೊದಲು ತೋರಿಸಿಕೊಡುವುದು ಕೈ. ಬಳೆ ತೊಡಿಸುವಾಗ ಬಳೆಗಾರ ಏನು ಮಾಡುತ್ತಾನೆ ನೋಡಿ: ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಬೆರಳುಗಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಹಿಂಡಿ, ಕೈಯನ್ನು ಕಿರಿದು ಮಾಡಿ ಗಾಜಿನ ಬಳೆ ಏರಿಸುತ್ತಾನೆ. ಕೀಲುತಜ್ಞರು ಸಂಧಿವಾತದ ಆರಂಭವನ್ನು ಶಂಕಿಸುವುದು ಇದೇ ಗೆಣ್ಣುಗಳನ್ನು ಹೀಗೇ ಹಿಂಡಿ ನೋಡಿ. ಕೊಟ್ಟೂರಿನ ತೇರಿನಲ್ಲಿ ಹೋದ ವರ್ಷ ಏರಿದ ಅಳತೆಯ ಬಳೆ ಈ ವರ್ಷ ಏರದೆ ಹೆಂಗಸು ಕೈ ಕಿತ್ತುಕೊಂಡಳು ಎಂದರೆ ಅದೊಂದು ವೈದ್ಯಕೀಯ ಸಂಗತಿ. ರೊಟ್ಟಿ ಬಡಿಯುವಾಗ ಮಣಿಕಟ್ಟು ತಾಳದಿರುವುದು, ಶೇಂಗಾ ಬಿಡಿಸುವಾಗ ಕಾಯಿ ಒಡೆಯಲು ಬಲ ಸಾಲದಿರುವುದು ಕೂಡ ಅಂಥವೇ. ‘ಎಷ್ಟು ನೋವು?’ ಎಂದು ಕೇಳುವುದಕ್ಕಿಂತ ‘ಬಳೆ ಏರುತ್ತಾ? ಎದ್ದು ಎಷ್ಟು ಹೊತ್ತಿಗೆ ರೊಟ್ಟಿ ಬಡೀತಿ?’ ಎಂದು ಆಶಾ ಕಾರ್ಯಕರ್ತೆ ಕೇಳಿದರೆ ಹೆಚ್ಚು ಗೊತ್ತಾಗುತ್ತದೆ. ಊತ ಆರು ವಾರ ದಾಟಿದರೆ ರುಮಟಾಯ್ಡ್ ಫ್ಯಾಕ್ಟರ್, ಆಂಟಿ ಸಿಸಿಪಿ ರಕ್ತಪರೀಕ್ಷೆ ಬೇಕು. ಮೊದಲನೆಯದು ನೆಗೆಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲಾಗದು.

ಲೂಪಸ್‌ನದೂ ಇಂಥದೇ ಮರೆ. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಹರಡುವ ಕೆಂಪು, ನಮ್ಮ ಕಪ್ಪು ಮೈಬಣ್ಣದಲ್ಲಿ, ‘ಬಂಗು’ ಎನಿಸಿಕೊಳ್ಳುತ್ತದೆ. ಹೊಲದ ಬಿಸಿಲಿಗೆ ಅದು ಕೆರಳುತ್ತದೆ. ಜೊತೆಗೆ ಬಾಯಿಹುಣ್ಣು, ಕೂದಲುದುರುವಿಕೆ, ಕೀಲುನೋವು ಬರುತ್ತವೆ. ಬಂಗು ಇವನ್ನು ತರುವುದಿಲ್ಲ. ಪದೇಪದೇ ಗರ್ಭ ಇಳಿಯುವ ಹೆಂಗಸಿನಲ್ಲಿ, ಲೂಪಸ್ ಜೊತೆ ಬರಬಹುದಾದ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳನ್ನು ಹುಡುಕದೆ ದೋಷವನ್ನು ಅವಳ ಹಣೆಬರಹಕ್ಕೆ ಕಟ್ಟುವುದು ಅನ್ಯಾಯ. ಅದಕ್ಕೆ ಆಸ್ಪಿರಿನ್, ಹೆಪಾರಿನ್ ಚಿಕಿತ್ಸೆ ಇದೆ.

ಬಸುರಿನಲ್ಲಿ ಸಂಧಿವಾತ ಹಲವರಿಗೆ ತಗ್ಗುತ್ತದೆ, ಹೆರಿಗೆಯಾದ ಮೇಲೆ ಮರಳಿ ಕೆರಳುತ್ತದೆ. 1938ರಲ್ಲಿ ಇದನ್ನು ಬರೆದಿಟ್ಟ ಅಮೆರಿಕದ ಫಿಲಿಪ್ ಹೆಂಚ್, ಆ ಜಾಡಿನಲ್ಲೇ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧದವರೆಗೆ ಬಂದು 1950ರಲ್ಲಿ ನೊಬೆಲ್ ಹಂಚಿಕೊಂಡರು. ನಮ್ಮಲ್ಲಿ ಆ ಕೆರಳಿಕೆ ‘ಬಾಣಂತಿ ತಂಪು ಮುಟ್ಟಿದಳು’ ಎಂಬ ಆಪಾದನೆಯಾಗುತ್ತದೆ. ಹೆಂಚ್ ತಂದ ಔಷಧದ ಬಳಗವೇ ಇಂದು ಹೆಸರಿಲ್ಲದ ಪುಡಿಯಾಗಿ, ‘ನೋವಿನ ಸೂಜಿ’ಯಾಗಿ ಊರೂರಲ್ಲಿ ಸಿಗುತ್ತದೆ. ಮೂರು ದಿನದಲ್ಲಿ ಬೆರಳು ಮಡಿಸಲು ಬರುತ್ತದೆ, ಆಕೆ ಕೂಲಿಗೆ ಹೋಗುತ್ತಾಳೆ. ಮುಖ ದುಂಡಗಾದರೆ ‘ಮೈ ತುಂಬಿತು’ ಎಂದು ಮನೆಯವರು ಹಿಗ್ಗುತ್ತಾರೆ. ಒಳಗೆ ಸಕ್ಕರೆ ಏರಿ ಮೂಳೆ ಟೊಳ್ಳಾಗುತ್ತಿರುತ್ತದೆ, ಕೀಲು ಸವೆಯುತ್ತಲೇ ಇರುತ್ತದೆ.

ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಆದರೆ ದೊಡ್ಡ ಆಸ್ಪತ್ರೆಗೆ ಬಳ್ಳಾರಿ ಇಲ್ಲವೇ ದಾವಣಗೆರೆಯ ದಾರಿಯೇ ಗತಿ. ಒಂದು ದಿನದ ಕೂಲಿ ಹೋಗುತ್ತದೆ. ಸರ್ಕಾರದ ನೆರವೂ ಸುಲಭವಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಇದೆ, ರುಮಟಾಯ್ಡ್ ಸಂಧಿವಾತದ ಹೆಸರಿಲ್ಲ. ಬೆರಳು ಸೊಟ್ಟಗಾಗಿ ಚಲನವೈಕಲ್ಯ ಶೇ 40 ಮುಟ್ಟಿದ ಮೇಲೆ ಸವಲತ್ತು. ಮೊದಲ ತಿಂಗಳುಗಳಲ್ಲೇ ಔಷಧ ಕೊಟ್ಟರೆ ಆ ಶೇ 40ರ ಪ್ರಶ್ನೆಯೇ ಬಹುತೇಕರಿಗೆ ಏಳುವುದಿಲ್ಲ.

ಆ ಔಷಧ ಮೆಥೋಟ್ರೆಕ್ಸೇಟ್, ಹಳೆಯದು, ಅಗ್ಗದ್ದು. ವಾರಕ್ಕೆ ಒಂದೇ ದಿನ ನುಂಗಬೇಕು. ಬೇರೆ ಗುಳಿಗೆಗಳಂತೆ ದಿನವೂ ನುಂಗಿದರೆ ಜೀವಕ್ಕೆ ಅಪಾಯ. ಗರ್ಭ ಧರಿಸುವ ಮೊದಲೇ ವೈದ್ಯರಿಗೆ ಹೇಳಿ ಅದನ್ನು ಬಿಡಬೇಕು. ಚೀಟಿ ಓದಲು ಬಾರದವಳಿಗೆ ‘ವಾರಕ್ಕೊಮ್ಮೆ’ ಎಂದು ಬರೆದುಕೊಟ್ಟರೆ ಸಾಲದು. ನಿಮ್ಮೂರ ಸಂತೆ ಯಾವ ದಿನ ಎಂದು ಕೇಳಿ, ಸಂತೆಯಿಂದ ಬಂದ ರಾತ್ರಿ ಮಾತ್ರ ಇದು ಎಂದು ಗುಳಿಗೆಯನ್ನು ಅವಳ ಕೈಯಲ್ಲಿಟ್ಟು ಹೇಳಬೇಕು. ಆ ದಿನವನ್ನು ಅವಳು ಮರೆಯುವುದಿಲ್ಲ.