ಅಂಗಡಿ ಮೆಷಿನ್‌ನಲ್ಲಿ ಚಿಪ್ ಕಾರ್ಡ್: ಚಿಪ್ ಕಾಯುವುದು ಏನನ್ನು, ಕಾಯದಿರುವುದು ಏನನ್ನು?

ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಬಟ್ಟೆ ಅಂಗಡಿ ಇರಲಿ, ಸೂಪರ್ ಮಾರ್ಕೆಟ್ ಇರಲಿ, ಗಲ್ಲಾದ ಪಕ್ಕ ಒಂದು ಕಾರ್ಡ್ ಮೆಷಿನ್ ಕಾಣುತ್ತದೆ. ಚಿಲ್ಲರೆ ವ್ಯಾಪಾರ ಹೆಚ್ಚಿನದ್ದು ಯುಪಿಐಗೆ ಹೋಗಿರುವುದು ನಿಜ. ಆದರೆ ಮದುವೆ ಬಟ್ಟೆ, ಚಿನ್ನ, ಫ್ರಿಜ್, ಮೊಬೈಲ್ ಅಂತ ಮೊತ್ತ ದೊಡ್ಡದಾದರೆ ಜನ ಈಗಲೂ ಕಾರ್ಡ್ ತೆಗೆಯುತ್ತಾರೆ. ರಜೆಯಲ್ಲಿ ಬಂದ ಗಲ್ಫ್‌ನವರ ಕೈಯಲ್ಲಿ ಅಲ್ಲಿಯ ಬ್ಯಾಂಕಿನ ಕಾರ್ಡೂ ಇರುತ್ತದೆ.

‘ಚಿಪ್ ಇದ್ದರೆ ಸೇಫ್’ ಎಂಬುದು ಎಲ್ಲರೂ ಹೇಳುವ ಮಾತು. ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಚಿಪ್ ಮುಖ್ಯವಾಗಿ ತಡೆಯುವುದು ಒಂದೇ ಬಗೆಯ ಕಳ್ಳತನವನ್ನು, ಅಂದರೆ ಕಾರ್ಡಿನ ನಕಲು ಮಾಡುವುದನ್ನು. ಉಳಿದದ್ದೆಲ್ಲ ಗಲ್ಲಾದ ಎದುರು ಆ ಅರ್ಧ ನಿಮಿಷದಲ್ಲಿ ಕಾರ್ಡ್ ಮತ್ತು ಪಿನ್ ಯಾರ ಕೈಯಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಹಣ ಹೋದ ಮೇಲೆ ನಷ್ಟ ಬ್ಯಾಂಕಿಗೋ ಗಿರಾಕಿಗೋ ಅಂತ ತೀರ್ಮಾನವಾಗುವಾಗಲೂ ಮೊದಲು ಏಳುವ ಪ್ರಶ್ನೆ ಅದೇ.

ಕಪ್ಪು ಪಟ್ಟಿಯಿಂದ ಚಿಪ್‌ಗೆ

ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿ ಹಳೆಯ ಕ್ಯಾಸೆಟ್ ಟೇಪಿನ ಜಾತಿಯದು. ಕಾರ್ಡ್ ನಂಬರ್, ಅವಧಿ ಮುಗಿಯುವ ದಿನಾಂಕ, ಬ್ಯಾಂಕ್ ತಾಳೆ ನೋಡುವ ಒಂದು ಸಂಖ್ಯೆ ಇವೆಲ್ಲ ಅದರಲ್ಲಿ ಬರೆದಿರುತ್ತವೆ, ಯಾವತ್ತೂ ಬದಲಾಗುವುದಿಲ್ಲ. ಅಂಗೈಯಷ್ಟು ಸಣ್ಣ ಸ್ಕಿಮ್ಮರ್‌ನಲ್ಲಿ ಒಂದು ಸಲ ಉಜ್ಜಿದರೆ ಅಷ್ಟೂ ಮಾಹಿತಿ ಅದಕ್ಕೆ ಸಿಗುತ್ತದೆ. ಅದನ್ನು ಖಾಲಿ ಕಾರ್ಡಿಗೆ ಬರೆದರೆ ಮೆಷಿನ್‌ಗೆ ಅಸಲಿ ಯಾವುದು, ನಕಲಿ ಯಾವುದು ಅಂತ ಗೊತ್ತಾಗುವ ದಾರಿಯೇ ಇಲ್ಲ.

ಇದು ಎಷ್ಟು ದೊಡ್ಡ ತೂತು ಎಂಬುದನ್ನು ಜಗತ್ತಿಗೆ ತೋರಿಸಿದ್ದು ಅಮೆರಿಕ. 2013ರ ಕೊನೆಯಲ್ಲಿ ಅಲ್ಲಿಯ ಟಾರ್ಗೆಟ್ ಮಳಿಗೆಗಳ ಬಿಲ್ಲಿಂಗ್ ವ್ಯವಸ್ಥೆಯೊಳಗೆ ಕಳ್ಳ ಸಾಫ್ಟ್‌ವೇರ್ ಸೇರಿಕೊಂಡು ಸುಮಾರು 4 ಕೋಟಿ ಕಾರ್ಡ್‌ಗಳ ಮಾಹಿತಿ ಕದ್ದಿತು. ಯುರೋಪ್ ಆಗಲೇ ಬಹಳ ಮುಂದೆ ಹೋಗಿತ್ತು. ಫ್ರಾನ್ಸ್‌ನ ಬ್ಯಾಂಕ್ ಕಾರ್ಡ್‌ಗಳಿಗೆ 1992ರ ಹೊತ್ತಿಗೇ ಚಿಪ್ ಬಂದಿತ್ತು, ಬ್ರಿಟನ್‌ನಲ್ಲಿ 2006ರ ಫೆಬ್ರವರಿ 14ರಿಂದ ಅಂಗಡಿಗಳಲ್ಲಿ ಚಿಪ್ ಕಾರ್ಡಿಗೆ ಪಿನ್ ಬೇಕೆಂದಾಯಿತು. ಅಮೆರಿಕದ ಅಂಗಡಿಗಳು ಚಿಪ್ ಕಡೆ ತಿರುಗಿದ್ದು 2015ರ ಅಕ್ಟೋಬರ್ 1ರ ನಂತರ. ಚಿಪ್ ಓದುವ ಮೆಷಿನ್ ಇಲ್ಲದ ಅಂಗಡಿಯಲ್ಲಿ ನಕಲಿ ಕಾರ್ಡ್ ಬಳಕೆಯಾದರೆ ನಷ್ಟ ಅಂಗಡಿಯ ಕಡೆಯವರದ್ದೇ ಎಂದು ಕಾರ್ಡ್ ಕಂಪೆನಿಗಳು ಅಂದಿನಿಂದ ನಿಯಮ ಮಾಡಿದವು. ವ್ಯಾಪಾರಿಯ ಜೇಬಿಗೆ ಕೈ ಹಾಕಿದ ಮೇಲೆಯೇ ಮೆಷಿನ್ ಬದಲಾದದ್ದು!

ಭಾರತದಲ್ಲಿ ಅಂಗಡಿಗಳಲ್ಲಿ ಡೆಬಿಟ್ ಕಾರ್ಡಿಗೆ ಪಿನ್ ಕಡ್ಡಾಯವಾದದ್ದು 2013ರ ಡಿಸೆಂಬರ್ 1ರಿಂದ. 2015ರ ಸೆಪ್ಟೆಂಬರ್‌ನಿಂದ ಹೊಸ ಕಾರ್ಡ್‌ಗಳನ್ನು ಚಿಪ್ ಹಾಕಿಯೇ ಕೊಡಬೇಕು, 2018ರ ಡಿಸೆಂಬರ್ 31ರ ಒಳಗೆ ಹಳೆಯ ಪಟ್ಟಿ ಕಾರ್ಡ್‌ಗಳನ್ನೆಲ್ಲ ಬದಲಿಸಬೇಕು ಎಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತು. ನಡುವೆ 2016ರಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡ್‌ಗಳ ಮಾಹಿತಿ ಸೋರಿದ ಶಂಕೆ ಎದ್ದು, ಬ್ಯಾಂಕ್‌ಗಳು ಕೆಲವು ಕಾರ್ಡ್ ಬ್ಲಾಕ್ ಮಾಡಿದವು, ಕೆಲವರಿಗೆ ಪಿನ್ ಬದಲಿಸಿ ಎಂದವು.

ಚಿಪ್ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ, ಮೆಷಿನ್‌ನಿಂದಲೇ ಕರೆಂಟ್ ಪಡೆಯುತ್ತದೆ. ಒಳಗೆ ಒಂದು ರಹಸ್ಯ ಕೀಲಿ ಇರುತ್ತದೆ, ಅದು ಎಂದೂ ಹೊರಗೆ ಬರುವುದಿಲ್ಲ. ಮೆಷಿನ್ ಮೊತ್ತ, ದಿನಾಂಕ ಮತ್ತು ಆ ಕ್ಷಣಕ್ಕೆ ಹುಟ್ಟಿದ ಒಂದು ಸಂಖ್ಯೆಯನ್ನು ಚಿಪ್‌ಗೆ ಕೊಡುತ್ತದೆ. ಚಿಪ್ ಅದಕ್ಕೆ ತನ್ನ ವಹಿವಾಟಿನ ಕ್ರಮಸಂಖ್ಯೆ ಸೇರಿಸಿ, ಕೀಲಿ ಬಳಸಿ ಒಂದು ಕೋಡ್ ತಯಾರು ಮಾಡುತ್ತದೆ. ಬ್ಯಾಂಕ್ ಅದನ್ನು ತಾಳೆ ನೋಡಿ ಹೌದು ಅಥವಾ ಇಲ್ಲ ಎನ್ನುತ್ತದೆ. ಮುಂದಿನ ವ್ಯಾಪಾರಕ್ಕೆ ಕೋಡ್ ಬೇರೆ. ಪಟ್ಟಿ ಅಂದರೆ ಯಾರು ಬೇಕಾದರೂ ಕೆತ್ತಿಸಬಹುದಾದ ರಬ್ಬರ್ ಸ್ಟಾಂಪ್. ಚಿಪ್ ಅಂದರೆ ಪ್ರತಿ ಬಿಲ್ಲಿನ ನಂಬರ್, ಮೊತ್ತ ನೋಡಿ ಹೊಸತಾಗಿ ಹಾಕುವ ಸಹಿ. ಒಂದು ಬಿಲ್ಲಿನ ಸಹಿ ಕದ್ದರೆ ಇನ್ನೊಂದಕ್ಕೆ ಪ್ರಯೋಜನವಿಲ್ಲ.

ಮೆಷಿನ್ ಕೂಡ ಬರೀ ಪ್ಲಾಸ್ಟಿಕ್ ಡಬ್ಬ ಅಲ್ಲ. ಅದನ್ನು ಬಿಚ್ಚಲು ಹೋದರೆ ಒಳಗಿನ ಗುಪ್ತ ಕೀಲಿಗಳು ತಾವಾಗಿ ಅಳಿಸಿಹೋಗುತ್ತವೆ. ಕೈತಪ್ಪಿ ಬಿದ್ದ ಮೆಷಿನ್ ಕೆಲವೊಮ್ಮೆ ‘ಟ್ಯಾಂಪರ್’ ಅಂತ ತೋರಿಸಿ ಸತ್ತ ಹಾಗೆ ಕೂರುವುದು ಇದೇ ಕಾರಣಕ್ಕೆ.

ಹಾಗಂತ ಚಿಪ್ ಅಭೇದ್ಯ ಕೋಟೆಯೂ ಅಲ್ಲ. ಕದ್ದ ಕಾರ್ಡ್ ಮತ್ತು ಮೆಷಿನ್ ನಡುವೆ ಒಂದು ಉಪಕರಣ ಇಟ್ಟು, ಯಾವ ಪಿನ್ ಹೊಡೆದರೂ ‘ಸರಿ’ ಎಂದು ಮೆಷಿನ್‌ಗೆ ಹೇಳಿಸಬಹುದು ಎಂದು 2010ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಮರು ವರ್ಷವೇ ಒಂದು ತಂಡ ಫ್ರಾನ್ಸ್‌ನಲ್ಲಿ ಕದ್ದ ಸುಮಾರು 40 ಕಾರ್ಡ್‌ಗಳ ಚಿಪ್ ಮೇಲೆ ಇನ್ನೊಂದು ಚಿಪ್ ಕೂರಿಸಿ ಹೆಚ್ಚುಕಡಿಮೆ 6 ಲಕ್ಷ ಯೂರೋ ಹೊಡೆಯಿತು. ಆದರೆ ಪಿನ್ ಸರಿಯೇ ಎಂಬುದನ್ನು ಬ್ಯಾಂಕಿನ ಸರ್ವರ್ ನೋಡುವ ಕಡೆ ಈ ಆಟ ನಡೆಯದು. ಆ ಕಳ್ಳರಿಗೂ ಬೇಕಾದದ್ದು ಅಸಲಿ ಕಾರ್ಡ್‌ಗಳೇ, ನಕಲು ಮಾಡಲು ಅವರಿಂದಲೂ ಆಗಲಿಲ್ಲ ಎಂಬುದು ಗಮನಿಸಬೇಕಾದ ವಿಷಯ.

‘ಪಿನ್ ಹೇಳಿ ಕಾಕಾ’

ಇಷ್ಟೆಲ್ಲ ಲೆಕ್ಕಾಚಾರ ಗಲ್ಲಾದ ಎದುರು ಒಂದೇ ಮಾತಿಗೆ ಮಣ್ಣುಪಾಲಾಗುತ್ತದೆ. ಮೆಷಿನ್ ಕೌಂಟರಿನ ಆಚೆ ಇರುತ್ತದೆ, ವಯರ್ ಗಿಡ್ಡ. ಹುಡುಗ ಕಾರ್ಡ್ ಹಾಕಿ, ಮೊತ್ತ ಹೊಡೆದು ‘ಪಿನ್ ಹೇಳಿ ಕಾಕಾ’ ಅನ್ನುತ್ತಾನೆ. ಹಿಂದೆ ನಾಲ್ಕು ಜನ ಸರದಿಯಲ್ಲಿ ನಿಂತಿರುತ್ತಾರೆ. ಕನ್ನಡಕ ತರದ ಉಮ್ಮನೋ, ಕೈಯಲ್ಲಿ ಮಗು ಹಿಡಿದ ತಾಯಿಯೋ ನಾಲ್ಕೂ ಅಂಕೆ ಜೋರಾಗಿ ಹೇಳಿಬಿಡುತ್ತಾರೆ. ಹುಡುಗ ಒಳ್ಳೆಯವನೇ ಇರಬಹುದು, ಹೆಚ್ಚಿನವರು ಒಳ್ಳೆಯವರೇ. ಆದರೆ ಕೇಳಿಸಿಕೊಂಡದ್ದು ಅವನೊಬ್ಬನೇ ಅಲ್ಲ.

ಇದರ ಬೆಲೆ ಗೊತ್ತಾಗುವುದು ಹಣ ಹೋದಾಗ. ಗ್ರಾಹಕರ ಹೊಣೆ ಎಷ್ಟು ಎಂಬ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಪ್ರಕಾರ, ತಪ್ಪು ಬ್ಯಾಂಕಿನದ್ದಾದರೆ ಗ್ರಾಹಕನಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕನದ್ದೂ ಅಲ್ಲ, ಬೇರೆಲ್ಲೋ ಆದದ್ದು ಎಂದಾದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸ್. 4ರಿಂದ 7 ದಿನದೊಳಗೆ ತಿಳಿಸಿದರೆ ಗ್ರಾಹಕ ಒಂದು ಮಿತಿಯವರೆಗೆ ಹೊರಬೇಕು: ಸಾಮಾನ್ಯ ಉಳಿತಾಯ ಖಾತೆಗೆ ಮತ್ತು 5 ಲಕ್ಷದವರೆಗಿನ ಲಿಮಿಟ್ ಇರುವ ಕ್ರೆಡಿಟ್ ಕಾರ್ಡಿಗೆ 10,000 ರೂಪಾಯಿ, ಅದಕ್ಕಿಂತ ದೊಡ್ಡ ಲಿಮಿಟ್‌ನ ಕ್ರೆಡಿಟ್ ಕಾರ್ಡಿಗೆ 25,000. ಆಮೇಲೆ ಬ್ಯಾಂಕಿನ ಸ್ವಂತ ನೀತಿ ಏನು ಹೇಳುತ್ತದೋ ಅದು. ಆದರೆ ಪಿನ್ ಬೇರೆಯವರಿಗೆ ಕೊಟ್ಟಂಥ ಅಜಾಗ್ರತೆಯಿಂದ ಹಣ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಗ್ರಾಹಕನದ್ದೇ. ಗ್ರಾಹಕನ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನ ಮೇಲಿದೆ ನಿಜ. ನಾಲ್ಕು ಜನರ ಎದುರು ಪಿನ್ ಹೇಳಿದವರ ವಿಷಯದಲ್ಲಿ ಆ ಸಾಬೀತು ಕಷ್ಟವೇನಲ್ಲ.

ಆದ್ದರಿಂದ ಮೆಷಿನ್ ಕೈಗೆ ಕೇಳುವುದರಲ್ಲಿ ನಾಚಿಕೆ ಇಲ್ಲ. ಅಂಗಡಿಯವರು ಮಾಡಬೇಕಾದದ್ದೂ ಇದೆ. ಉದ್ದ ವಯರ್ ಅಥವಾ ವಯರ್ ಇಲ್ಲದ ಮೆಷಿನ್ ಇಟ್ಟುಕೊಳ್ಳುವುದು ದೊಡ್ಡ ಖರ್ಚಲ್ಲ. ಕೆಲಸಕ್ಕೆ ಹೊಸತಾಗಿ ಬಂದ ಹುಡುಗರಿಗೆ ಪಿನ್ ಕೇಳಬಾರದು ಅಂತ ಮೊದಲ ದಿನವೇ ಹೇಳಬೇಕು. ಹಲವರು ಮರೆಯುವ ಒಂದು ವಿಷಯ ಸಿಸಿಟಿವಿ. ಗಲ್ಲಾದ ಮೇಲಿನ ಕ್ಯಾಮೆರಾ ಮೆಷಿನ್‌ನ ಕೀ ಕಡೆಗೇ ಮುಖ ಮಾಡಿದ್ದರೆ, ದಿನಕ್ಕೆ ಬಂದ ಎಲ್ಲ ಗಿರಾಕಿಗಳ ಪಿನ್ ಅಂಗಡಿಯ ರೆಕಾರ್ಡಿಂಗ್‌ನಲ್ಲಿ ಬಿದ್ದಿರುತ್ತದೆ. ‘ಬ್ಯಾಂಕಿನಿಂದ ಬಂದಿದ್ದೇವೆ, ಮೆಷಿನ್ ಸರ್ವಿಸ್ ಮಾಡಬೇಕು’ ಅಂತ ಹೇಳದೆ ಕೇಳದೆ ಬಂದವರ ಕೈಗೆ ಮೆಷಿನ್ ಕೊಡುವ ಮೊದಲು ಬ್ಯಾಂಕಿಗೆ ಒಂದು ಫೋನ್ ಮಾಡುವುದು ಒಳ್ಳೆಯದು.

ಟ್ಯಾಪ್ ಮಾಡುವಾಗ

ವೈಫೈ ಗುರುತಿನಂಥ ಚಿಹ್ನೆ ಇರುವ ಕಾರ್ಡನ್ನು ಮೆಷಿನ್‌ಗೆ ತಾಗಿಸಿದರೆ ಸಾಕು. ಇದರಲ್ಲೂ ಪ್ರತಿ ಸಲ ಹೊಸ ಕೋಡ್ ಹುಟ್ಟುತ್ತದೆ, ನಕಲು ಮಾಡುವ ಭಯ ಇಲ್ಲ. ಪಿನ್ ಇಲ್ಲದೆ ಟ್ಯಾಪ್ ಮಾಡಬಹುದಾದ ಮೊತ್ತ ಮೊದಲು 2,000 ಇತ್ತು, 2021ರ ಜನವರಿ 1ರಿಂದ 5,000 ರೂಪಾಯಿ ಆಯಿತು. ಅಪಾಯ ಇರುವುದು ಕಾರ್ಡ್ ಕಳೆದುಹೋದಾಗ. ಸಿಕ್ಕಿದವನಿಗೆ ಪಿನ್ ಬೇಕಾಗಿಲ್ಲ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳಲ್ಲಿ ಟ್ಯಾಪ್, ಆನ್‌ಲೈನ್ ಮತ್ತು ವಿದೇಶಿ ಬಳಕೆ ಮೂರೂ ಬಂದ್ ಆಗಿಯೇ ಬರುತ್ತವೆ, ಬೇಕಾದರೆ ಗ್ರಾಹಕನೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಟ್ಯಾಪ್ ಲಿಮಿಟ್ ಕಡಿಮೆ ಇಡಲೂ ಅಲ್ಲೇ ಜಾಗ ಇದೆ. ಕೆಲವರು ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿಟ್ಟು ಮರೆತುಬಿಡುತ್ತಾರೆ.

ವಿದೇಶಿ ಬಳಕೆ ಆನ್ ಇದ್ದರೆ ಇನ್ನೊಂದು ತೊಂದರೆ ಇದೆ. ಭಾರತದ ವೆಬ್‌ಸೈಟ್‌ಗಳಲ್ಲಿ ಕಾರ್ಡಿಗೆ ಒಟಿಪಿ ಬೇಕು, ಹೊರದೇಶದ ಎಷ್ಟೋ ಸೈಟ್‌ಗಳಿಗೆ ಬೇಡ. ಕಾರ್ಡನ್ನು ಒಳಗೆ ತೆಗೆದುಕೊಂಡು ಹೋದವನು ಎರಡೂ ಬದಿಯ ಫೋಟೋ ಹೊಡೆದರೆ ಸಾಕು, ನಂಬರ್ ಮತ್ತು ಹಿಂದಿನ ಮೂರು ಅಂಕೆ ಸಿಕ್ಕಿತು. ಇಲ್ಲಿ ಚಿಪ್‌ಗೆ ಏನೂ ಕೆಲಸವಿಲ್ಲ. ಹೋಟೆಲ್‌ನಲ್ಲಿ ಬಿಲ್ಲಿನ ಜೊತೆ ಕಾರ್ಡ್ ಕಳಿಸುವ ಬದಲು ಮೆಷಿನ್ ಟೇಬಲಿಗೆ ತರಿಸುವುದೇ ಸರಿ.

ಚಿಪ್ ಓದದಿದ್ದರೆ

‘ಚಿಪ್ ಓದುತ್ತಿಲ್ಲ, ಉಜ್ಜುತ್ತೇನೆ’ ಎಂಬ ಮಾತು ಬಂದರೆ ಇಬ್ಬರೂ ಎಚ್ಚರವಾಗಬೇಕು. ಉಜ್ಜಿದ ಕೂಡಲೇ ಚಿಪ್‌ನ ಕಾವಲು ಹೋಯಿತು, ಮತ್ತೆ ಹಳೆಯ ಪಟ್ಟಿಯ ಕಾಲ. ಚಿಪ್ ಇರುವ ಕಾರ್ಡ್ ಎಂಬ ಗುರುತು ಪಟ್ಟಿಯಲ್ಲೇ ಇರುವುದರಿಂದ ಮೆಷಿನ್ ಮೊದಲು ಚಿಪ್ ಹಾಕಿ ಎಂದೇ ಹೇಳುತ್ತದೆ. ಒಣ ಬಟ್ಟೆಯಿಂದ ಚಿಪ್ ಒರೆಸಿ ಮತ್ತೊಮ್ಮೆ ಹಾಕಿ ನೋಡಬೇಕು, ಆಗದಿದ್ದರೆ ಬೇರೆ ಕಾರ್ಡ್ ಅಥವಾ ನಗದು. ಪರಿಚಯವಿಲ್ಲದವರು ವಿದೇಶಿ ಕಾರ್ಡ್ ಉಜ್ಜಿಸಿ ದೊಡ್ಡ ಮೊತ್ತದ ಸಾಮಾನು ಒಯ್ದು, ಆಮೇಲೆ ಕಾರ್ಡಿನ ಅಸಲಿ ಮಾಲಕ ತಕರಾರು ಹಾಕಿದರೆ ಹಣ ಅಂಗಡಿಯವರ ಖಾತೆಯಿಂದ ವಾಪಸ್ ಹೋಗಬಹುದು. ಆಗ ಕೈಯಲ್ಲಿ ಉಳಿಯುವ ಸಾಕ್ಷಿ ಸ್ಲಿಪ್ ಒಂದೇ. ಆ ಕಾಗದದ ಅಕ್ಷರ ಸೆಖೆಗೆ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅದೇ ದಿನ ಫೋಟೋ ತೆಗೆದಿಡುವುದು ಲೇಸು.

ಹಣ ಹೋದರೆ

ಮೊದಲು ಆ್ಯಪ್‌ನಲ್ಲೋ ಫೋನ್‌ನಲ್ಲೋ ಕಾರ್ಡ್ ಬ್ಲಾಕ್ ಮಾಡಿ, ದೂರಿನ ನಂಬರ್ ಬರೆದುಕೊಳ್ಳಬೇಕು. ನಂತರ 1930ಕ್ಕೆ ಕರೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದಲ್ಲಿ ದೂರು ಇತ್ಯರ್ಥ ಮಾಡಬೇಕು ಎನ್ನುತ್ತದೆ 2017ರ ಸುತ್ತೋಲೆ. ಬ್ಯಾಂಕ್ 30 ದಿನವಾದರೂ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಗಲ್ಫ್‌ನಲ್ಲಿರುವವರಿಗೆ ಈ ದಿನಗಳ ಲೆಕ್ಕ ಸ್ವಲ್ಪ ಕಷ್ಟ. ಊರಿನ ಖಾತೆಗೆ ಕೊಟ್ಟ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಗಿದ್ದರೆ ಮೆಸೇಜ್ ತಲುಪುವುದೇ ಇಲ್ಲ. ಅಲ್ಲಿ ನಡೆಯುವ ನಂಬರ್ ಅಥವಾ ಇಮೇಲ್ ಬ್ಯಾಂಕಿಗೆ ಕೊಟ್ಟಿರಬೇಕು. ಇನ್ನು ಯುಎಇ, ಸೌದಿ ಬ್ಯಾಂಕ್‌ಗಳು ಕೊಟ್ಟ ಕಾರ್ಡ್ ಕುಂಬಳೆಯಲ್ಲೋ ಮಂಗಳೂರಿನಲ್ಲೋ ಕಳೆದುಹೋದರೆ ರಿಸರ್ವ್ ಬ್ಯಾಂಕಿನ ಮೂರು ದಿನ, ಏಳು ದಿನದ ನಿಯಮ ಅದಕ್ಕೆ ತಾಗುವುದಿಲ್ಲ, ಆ ಬ್ಯಾಂಕಿನ ನಿಯಮವೇ ನಡೆಯುವುದು. ದುಬೈಯ 800ರಿಂದ ಶುರುವಾಗುವ ಟೋಲ್ ಫ್ರೀ ನಂಬರ್‌ಗಳು ಸಾಮಾನ್ಯವಾಗಿ ಊರಿನಿಂದ ಸಿಗುವುದಿಲ್ಲ. ಬ್ಯಾಂಕಿನ ನಂಬರ್ ಕಾರ್ಡಿನ ಹಿಂದೆಯೇ ಇರುತ್ತದೆ, ಆದರೆ ಕಾರ್ಡೇ ಕಳೆದರೆ ಅದನ್ನು ನೋಡುವುದು ಎಲ್ಲಿಂದ? ರಜೆಗೆ ಹೊರಡುವ ಮೊದಲೇ ದೇಶದ ಕೋಡ್ ಸಮೇತ ಆ ನಂಬರನ್ನು ಫೋನ್‌ನಲ್ಲಿ ಸೇವ್ ಮಾಡಿ, ಮನೆಯಲ್ಲಿ ಒಬ್ಬರಿಗೆ ಕೊಟ್ಟಿರಬೇಕು.