ಬೆಳಗಾವಿ ಸೀಮೆಯಲ್ಲಿ ಪರದೇಶೀ ಪಾದ್ರಿಗಳ ಬಾಳುವೆ

ಘಟಪ್ರಭೆಯು ಗೋಕಾಕದ ಸಮೀಪದಲ್ಲಿ ಸುಮಾರು 170 ಫೂಟು ಎತ್ತರದ ಬಂಡೆಯಿಂದ ಧುಮುಕಿ ಪೂರ್ವಾಭಿಮುಖವಾಗಿ ಹರಿಯುವದು. ಆ ಜಲಪಾತದ ಪಶ್ಚಿಮಕ್ಕೆ ಹುಕ್ಕೇರಿ, ಈಶಾನ್ಯಕ್ಕೆ ಮೂಡಲಗಿಯ ಎರೆಯ ಬಯಲು. 1880ರ ದಶಕದಲ್ಲಿ ಉಗಿಬಂಡಿಯ ಹಾದಿಯೂ ಗೋಕಾಕ ಫಾಲ್ಸಿನ ನೂಲಿನ ಗಿರಣಿಯೂ ಬರುವ ತನಕ ಈ ಊರುಗಳ ನಡುವೆ ಸಂಚಾರವೆಂದರೆ ಎತ್ತಿನ ಬಂಡಿ, ಇಲ್ಲವೆ ಕಾಲ್ನಡಿಗೆ. ಮಳೆಗಾಲದಲ್ಲಿ ಎರೆಯ ಕೆಸರು ಗಾಲಿಯನ್ನು ಹಿಡಿದುಕೊಂಡರೆ ಬಂಡಿಯೂ ನಿಂತಿತು; ಹೊಳೆ ತುಂಬಿತೆಂದರೆ ಆಚೆಯ ದಂಡೆಯವರು ಆಚೆಯೇ. ಈ ನಾಡಿನಲ್ಲಿ ಹುಟ್ಟಿ ಬೆಳೆದವರಿಗೇ ಇದು ಕಷ್ಟದ ದಾರಿ. ಹೀಗಿರಲು ಸಮುದ್ರ ದಾಟಿ ಬಂದು, ಈ ಬಿಸಿಲಿನ ಅಭ್ಯಾಸವಿಲ್ಲದೆ, ಭಾಷೆಯನ್ನರಿಯದೆ, ಕ್ರಿಸ್ತಮತವನ್ನು ಸಾರುವದಕ್ಕೋಸ್ಕರ ಈ ಸೀಮೆಯಲ್ಲಿ ನೆಲೆಸಿದ ಪಾದ್ರಿಗಳು ಹೇಗೆ ಬಾಳಿದರೆಂಬದು ವಿಚಾರಾರ್ಹವಾದ ಸಂಗತಿಯಾಗಿದೆ.

1818ರಲ್ಲಿ ಪೇಶವೆಯವರ ಆಳಿಕೆಯು ಮುಗಿದು ಈ ಭಾಗವು ಕುಂಪಣಿ ಸರಕಾರದ ವಶವಾಯಿತು. ಅದಕ್ಕೂ ಮೊದಲೇ, 1810ರಲ್ಲಿ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಯಲ್ಲಿ ನೆಲೆಸಿ ಬಾಯಬಲ್ಲನ್ನು ಕನ್ನಡಿಸಲಾರಂಭಿಸಿದ್ದರು. ಅವರೊಡನೆ ಬಳ್ಳಾರಿಯಲ್ಲಿದ್ದ ಜೋಸೆಫ್ ಟೇಲರ್ ಎಂಬವರು 1820ರಲ್ಲಿ ಬೆಳಗಾವಿಗೆ ಬಂದು ಅಲ್ಲಿ ಮಿಶನ್ನಿಗೆ ಬುನಾದಿ ಹಾಕಿದರು. ತರುವಾಯ ವಿಲಿಯಂ ಬೆನನ್ ಎಂಬವರು ಅವರನ್ನು ಕೂಡಿಕೊಂಡರು. 1832ರಲ್ಲಿ ಆರಂಭವಾದ ಶಾಲೆಯು ಇಂದಿಗೂ ಬೆನನ್-ಸ್ಮಿತ್ ಎಂಬ ಹೆಸರಿನಿಂದ ಬೆಳಗಾವಿಯಲ್ಲಿ ನಡೆದಿದೆ. 1833ರ ಕಾಯದೆಯು ಆಂಗ್ಲರಲ್ಲದ ಪಾದ್ರಿಗಳಿಗೂ ಬಾಗಿಲು ತೆರೆಯಿತಾಗಿ, ಸ್ವಿಜರ್ಲಂಡಿನ ಬಾಸೆಲ್ ಪಟ್ಟಣದ ಮಿಶನ್ನಿನವರು 1834ರಲ್ಲಿ ಪಶ್ಚಿಮ ಕರಾವಳಿಯಲ್ಲಿ ಇಳಿದು ಮಂಗಳೂರಿನಲ್ಲಿ ಠಾಣ್ಯ ಮಾಡಿದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಬಂದರು.

ಬಂಗಲೆಯಲ್ಲಿ ಕುಳಿತು ಉಪದೇಶ ಮಾಡಿದರೆ ಕೇಳುವವರು ಯಾರು? ಆದಕಾರಣ ಚಳಿಗಾಲ ಬಂತೆಂದರೆ ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ತಿರುಗುವದು ಪಾದ್ರಿಗಳ ಕ್ರಮವಾಗಿತ್ತು. ರಾತ್ರಿಯ ತಂಗು ಡೇರೆಯಲ್ಲಿ, ಇಲ್ಲವೆ ಊರ ಚಾವಡಿಯಲ್ಲಿ, ಒಮ್ಮೊಮ್ಮೆ ಮರದ ಅಡಿಯಲ್ಲಿ. ಚರಜಂಗಮರಿಗೂ ಇದೇ ಬಗೆಯ ಸಂಚಾರವಿತ್ತೆಂದು ವಾಚಕರಿಗೆ ತೋರಬಹುದು. ಆದರೆ ಭೇದವು ದೊಡ್ಡದು. ಜಂಗಮನು ಊರು ಹೊಕ್ಕರೆ ಭಕ್ತರ ಬಾಗಿಲು ತೆರೆಯುವದು, ಪಾದಕ್ಕೆ ನೀರು ಬರುವದು, ದಾಸೋಹಕ್ಕೆ ಕರೆ ಬರುವದು. ಪಾದ್ರಿಯಾದರೋ ಮಾಂಸಾಹಾರಿ, ಪರದೇಶಿ, ಆಳುವವರ ಬಣ್ಣದವ. ಅವನ ಮಾತನ್ನು ಕೇಳಲು ಜನರು ಕೂಡಿದರೂ ಅವನನ್ನು ಮನೆಯ ಒಳಗೆ ಕರೆಯುವವರಿಲ್ಲ. ಬೇಡಿದರೆ ನೀರನ್ನು ಮೇಲಿನಿಂದ ಹೊಯ್ಯುವರು. ಹಸಿವೆ, ಜ್ವರ, ವಾಂತಿಭೇದಿಗಳಿಗಿಂತ ಈ ಹೊಸ್ತಿಲ ಹೊರಗಿನ ಬಾಳುವೆಯೇ ಅವರಿಗೆ ಹೆಚ್ಚು ಕಠಿಣವಾಗಿದ್ದಿರಬೇಕು.

ಬಾಸೆಲಿನವರಲ್ಲಿ ಬಹುಜನರು ದಕ್ಷಿಣ ಜರ್ಮನಿಯ ಒಕ್ಕಲಿಗರ, ಕಸಬಿನವರ ಮಕ್ಕಳು. ಅವರ ಮಿಶನ್ನಿನ ಕಟ್ಟಳೆಗಳು ಸನ್ಯಾಸಿಗಳ ಕಟ್ಟಳೆಗಳಿಗಿಂತ ಕಡಿಮೆಯವಲ್ಲ. ಸ್ವಂತ ಗಳಿಕೆ ಕೂಡದು. ಬಾಸೆಲಿನ ಸಭೆಯ ಅಪ್ಪಣೆಯಿಲ್ಲದೆ ಲಗ್ನ ಕೂಡದು. ಅನೇಕರಿಗೆ ವಧುವನ್ನು ಆ ದೇಶದಲ್ಲಿಯೇ ನಿಶ್ಚಯಿಸಿ ಹಡಗಿನಲ್ಲಿ ಕಳಿಸಿದರು. ಅವಳನ್ನು ವರನು ಮೊದಲು ಕಂಡದ್ದು ಬಂದರಿನಲ್ಲಿ. ಎಲ್ಲಕ್ಕಿಂತ ಕ್ರೂರವಾದದ್ದು ಮಕ್ಕಳ ವಿಷಯ. ಇಲ್ಲಿ ಹುಟ್ಟಿದ ಕೂಸುಗಳನ್ನು ಆರೇಳು ವರ್ಷ ತುಂಬುತ್ತಲೇ ವಿದ್ಯಾಭ್ಯಾಸಕ್ಕಾಗಿ ಯುರೋಪಕ್ಕೆ ಕಳಿಸಬೇಕು. 1853ರಲ್ಲಿ ಅಂಥ ಮಕ್ಕಳಿಗಾಗಿ ಬಾಸೆಲಿನಲ್ಲಿ ಒಂದು ವಸತಿಗೃಹವೇ ಆರಂಭವಾಯಿತು. ಹಾಗೆ ಹೋದ ಮಗುವು ತಾಯಿಯ ಮುಖವನ್ನು ಮತ್ತೆ ಕಾಣಲು ಹತ್ತು ವರ್ಷಗಳಾಗಬಹುದು. ಎಂದೂ ಕಾಣದೆ ಹೋಗಲೂಬಹುದು. ಜ್ವರದಿಂದ ಸತ್ತ ಕೂಸುಗಳನ್ನು ಇಲ್ಲಿಯ ಮಣ್ಣಿಗೇ ಒಪ್ಪಿಸಿದ್ದಾಯಿತು. ಮತವಾವುದಾದರೂ ಇರಲಿ, ಮಾತೆಯ ಸಂಕಟಕ್ಕೆ ಭೇದವಿಲ್ಲ.

ಇಷ್ಟೆಲ್ಲ ತೆತ್ತರೂ ಅವರ ಉದ್ದೇಶವು ಶಿವಭಕ್ತರ ನಡುವೆ ಕೈಗೂಡಲಿಲ್ಲ. ಒಂದು ಸಲ ಮಾತ್ರ ಅವರಿಗೆ ಮಹದಾಶೆ ಹುಟ್ಟಿತ್ತು. 1840ರ ಸುಮಾರಿಗೆ ಕಾಲಜ್ಞಾನದ ವಾಣಿಗಳನ್ನು ನಂಬಿದ ಒಂದು ಪಂಗಡದವರು, ಮುಂದೆ ಬರಲಿರುವರೆಂದು ಹೇಳಲ್ಪಟ್ಟ ಗುರುಗಳು ಇವರೇ ಇರಬಹುದೋ ಎಂದು ಪಾದ್ರಿಗಳನ್ನು ಕಾಣಬಂದರು. ಅಂಥವರು ಒಕ್ಕಲುತನ ಮಾಡಿಕೊಂಡಿರಲೆಂದು ಗದಗಿನ ಹತ್ತಿರ ಮಲಸಮುದ್ರದಲ್ಲಿ ಮಿಶನ್ನಿನವರು ಒಂದು ವಸತಿಯನ್ನು ಹೂಡಿದರು. ಪಾದ್ರಿಗಳು ಆ ಬಯಲಿನಲ್ಲಿ ಹೊಲ ಮಾಡಿಸುತ್ತ ಕಾದರು, ಬರತಕ್ಕವರು ಬರಲಿಲ್ಲ. ಕೆಲವು ವರ್ಷಗಳಲ್ಲಿ ಆ ಪ್ರಯತ್ನವು ತಾನಾಗಿಯೇ ಕುಗ್ಗಿಹೋಯಿತು. ಕಾಲಜ್ಞಾನಿಗಳು ಹುಡುಕಿದ್ದೇ ಒಂದು, ಪಾದ್ರಿಗಳು ಕೊಡಬಂದದ್ದೇ ಒಂದು.

ಆದರೆ ಹೊಸ್ತಿಲ ಹೊರಗಿದ್ದವರಲ್ಲಿ ಕೆಲವರು ಭಾಷೆಯ ಬಾಗಿಲಿನಿಂದ ಒಳಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ವಿದ್ಯಾರ್ಥಿಗಳ ಸಂಗಡ ಒಂದೇ ಮನೆಯಲ್ಲಿದ್ದು ಅವರ ಊಟವನ್ನೇ ಉಂಡರು; 1853ರಲ್ಲಿ ಕೊಡಗಿನ ಆಲ್ಮಂಡ ಗ್ರಾಮಕ್ಕೆ ಹೋಗಿ ಅಲ್ಲಿಯ ಜನರ ನಡುವೆ ನೆಲೆಸಿದರು. ಅದೇ ವರ್ಷ ಈ ನಾಡಿಗೆ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರು ಇಲ್ಲಿಯವರಿಗೆ ಇಲ್ಲಿಯವರಂತೆಯೇ ಆಗಬೇಕೆಂಬ ಹಟ ಹಿಡಿದು, ಊರೂರು ನಡೆದು, ಒಕ್ಕಲಿಗರ ಮಾತು, ಗಾದೆ, ಹಾಡುಗಳನ್ನು ಕಿವಿಗೊಟ್ಟು ಕೇಳಿದರೆಂದು ಹೇಳುವರು. ಈ ನಡತೆಯು ಅವರ ಜೊತೆಯ ಪಾದ್ರಿಗಳಲ್ಲಿ ಕೆಲವರಿಗೆ ಸೇರಲಿಲ್ಲವೆಂಬ ಮಾತೂ ಉಂಟು.

ಇದರ ಫಲವನ್ನು ಲಿಂಗಾಯತ ಸಮಾಜವು ಮರೆಯತಕ್ಕದ್ದಲ್ಲ. ಮಠಗಳ ಗವಿಗಳಲ್ಲಿ, ಮಾಳಿಗೆಗಳಲ್ಲಿ ಓಲೆಗರಿಗಳು ಗೆದ್ದಲಿಗೆ ಆಹಾರವಾಗುತ್ತಿದ್ದ ಕಾಲದಲ್ಲಿ ಮೋಗ್ಲಿಂಗ್ ಅವರು ಕನ್ನಡ ಕಾವ್ಯಗಳ ಮಾಲೆಯೊಂದನ್ನು ಕಲ್ಲಚ್ಚಿನಲ್ಲಿ ಹೊರಡಿಸಿ, ಭೀಮಕವಿಯ ಬಸವಪುರಾಣವನ್ನೂ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವನ್ನೂ ಅದರಲ್ಲಿ ಸೇರಿಸಿದರು. ಕ್ಯಾಸಮೇಜರ್ ಎಂಬ ಆಂಗ್ಲ ಗೃಹಸ್ಥರು ಇದಕ್ಕೆ ದ್ರವ್ಯಸಹಾಯ ಮಾಡಿದರು. 1860ರ ದಶಕದಲ್ಲಿ ವುರ್ತ್ ಪಾದ್ರಿಗಳು ಅದೇ ಎರಡು ಪುರಾಣಗಳ ಇಂಗ್ಲಿಷ್ ತಾತ್ಪರ್ಯವನ್ನು ಮುಂಬಯಿಯ ಏಶಿಯಾಟಿಕ್ ಸೊಸಾಯಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವರು ಪುರಾಣಗಳನ್ನು ಓದಿದ್ದು ಭಕ್ತಿಯಿಂದಲ್ಲ. ಖಂಡಿಸುವದಕ್ಕೆ ಮೊದಲು ತಿಳಿಯಬೇಕೆಂಬ ಉದ್ದೇಶವೂ ಅದರಲ್ಲಿತ್ತು. 1876ರಲ್ಲಿ ಕಿಟ್ಟೆಲ್ ಅವರು ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ ಭಾಷೆಯಲ್ಲಿ ಬರೆದ ಪ್ರಬಂಧವೂ ಹೊರಗೆ ನಿಂತು ನೋಡಿದವರ ಬರಹವೇ. ಇಷ್ಟಲಿಂಗದ ಅನುಭಾವವನ್ನು ಅದರಲ್ಲಿ ಹುಡುಕುವದು ವ್ಯರ್ಥ. ಆದಾಗ್ಯೂ ಕೈಗೆ ಬಂದ ಗ್ರಂಥವನ್ನು ಹಾಳಾಗಗೊಡದೆ ಅಚ್ಚಿಗೆ ಏರಿಸಿದ ಉಪಕಾರವು ಉಪಕಾರವೇ. ಆ ಹೊತ್ತಿಗೆ ಮಠಗಳಲ್ಲಿ ಪಂಡಿತರಿಗೆ ಕೊರತೆ ಇರಲಿಲ್ಲ. ಅಚ್ಚುಕೂಟದ ಯೋಚನೆಯು ಮಾತ್ರ ಬಹುಮಂದಿಗೆ ಹುಟ್ಟಿರಲಿಲ್ಲ.

ಕಿಟ್ಟೆಲ್ ಅವರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಅಚ್ಚು ಹಾಕಿಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಮಿಶನ್ ಅಚ್ಚುಕೂಟದಿಂದ ಹೊರಬಿದ್ದಿತು. ಸುಮಾರು 70,000 ಶಬ್ದಗಳುಳ್ಳ ಆ ಗ್ರಂಥವು ಪ್ರಕಟವಾಗುವ ಮೊದಲೇ ಅವರು ಜರ್ಮನಿಗೆ ತೆರಳಿದ್ದರು. 1903ರಲ್ಲಿ ಟ್ಯುಬಿಂಗೆನ್ನಿನಲ್ಲಿ ದೇಹವಿಟ್ಟರು. ಆ ನಿಘಂಟಿನ ಪುಟಗಳನ್ನು ತಿರುವಿದರೆ ಕೆಲವು ಶಬ್ದಗಳ ಮುಂದೆ ದಕ್ಷಿಣ ಮರಾಠಾ ಸೀಮೆಯದೆಂದು ತಿಳಿಸುವ ಒಂದು ಸಂಕ್ಷಿಪ್ತ ಗುರುತು ಕಾಣುವದು. ಆಗಿನ ಸರಕಾರೀ ಭಾಷೆಯಲ್ಲಿ ಆ ಹೆಸರಿನೊಳಗೆ ಧಾರವಾಡ, ಕಲಾದಗಿ, ಬೆಳಗಾವಿ ಜಿಲ್ಲೆಗಳೆಲ್ಲ ಅಡಗಿದ್ದವು. ಗೋಕಾಕ, ಹುಕ್ಕೇರಿ, ಮೂಡಲಗಿಗಳೂ ಅದರಲ್ಲಿಯೇ ಸೇರಿದ್ದವು.